ಕೊನೆಯ ಸೊನ್ನೆಯ ಬೆಲೆ

ಲೆಕ್ಕವನ್ನು ಬರೆದಿಡುವುದು ಮತ್ತು ಬರೆದಿಟ್ಟ ಲೆಕ್ಕವನ್ನು ಓದಿ ಹೇಳುವುದು ಮೇಲ್ನೋಟಕ್ಕೆ ಒಂದೇ ಕೆಲಸದಂತೆ ಕಂಡರೂ ವಾಸ್ತವದಲ್ಲಿ ಅವು ಎರಡು ಪ್ರತ್ಯೇಕ ಹೊಣೆಗಳು. ಹಿಂದೆ ಊರಿನ ಶಾನುಭೋಗರು ತಾವು ಬರೆದ ಕಡತವನ್ನು ತಾವೇ ಓದಿ ಹೇಳುತ್ತಿದ್ದರು. ಬರೆದ ಕೈ ಮತ್ತು ಓದುವ ಕಣ್ಣು ಒಬ್ಬರದೇ ಆಗಿದ್ದುದರಿಂದ ಬರೆದುದರ ಅರ್ಥ ನಡುದಾರಿಯಲ್ಲಿ ಕೆಡುವ ಸಂಭವ ಕಡಿಮೆಯಿತ್ತು. ಗಣಕಯಂತ್ರದ ಯುಗದಲ್ಲಿ ಆ ಸ್ಥಿತಿ ಉಳಿದಿಲ್ಲ. ನಮ್ಮ ಜಮೀನಿನ ವಿಸ್ತೀರ್ಣ, ಸಾಲದ ಬಾಕಿ, ಮಕ್ಕಳ ಜನ್ಮದಿನಾಂಕ, ಮನೆಯ ಹಿರಿಯರ ಹೆಸರು ಇವೆಲ್ಲವನ್ನೂ ಒಂದು ವ್ಯವಸ್ಥೆ ಕಾದಿಡುತ್ತದೆ, ಮತ್ತೊಂದು ವ್ಯವಸ್ಥೆ ಓದಿ ಹೇಳುತ್ತದೆ. ಇವೆರಡರ ನಡುವೆ ಅರ್ಥ ಬದಲಾಗದೆ ದಾಟಬೇಕಾದ ಒಂದು ಕಿರುಸೇತುವೆಯಿದೆ. ಆ ಸೇತುವೆಯನ್ನು ಪರೀಕ್ಷಿಸುವುದೇ ನನ್ನ ಕಾಯಕವಾದ್ದರಿಂದ, ಅದರ ಬಗ್ಗೆ ನಮ್ಮ ಕುಟುಂಬಗಳ ಓದುಗ ಬಂಧುಗಳಿಗೆ ನಾಲ್ಕು ಮಾತು ತಿಳಿಸುವುದು ಉಚಿತವೆಂದು ಭಾವಿಸಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಹಾವೇರಿಯ ಸೀಮೆಯಲ್ಲಿ. ಉದ್ಯೋಗದ ನಿಮಿತ್ತ ಘಟ್ಟವಿಳಿದು ಪುತ್ತೂರಿಗೆ ಬಂದು ನೆಲೆಸಿದೆ. ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಅಡಿಕೆ ಬೆಳೆಗಾರರ ಸಣ್ಣಪುಟ್ಟ ಸಂಘಗಳು ತಮ್ಮ ಹಳೆಯ ಲೆಕ್ಕಪತ್ರಗಳನ್ನು ಗಣಕಯಂತ್ರಕ್ಕೆ ಏರಿಸಿದಾಗ, ಅಥವಾ ಹಳೆಯ ತಂತ್ರಾಂಶವನ್ನು ಬಿಟ್ಟು ಹೊಸದಕ್ಕೆ ಹೋಗುವಾಗ, ಅಂಕಿ-ಅಂಶಗಳು ಸರಿಯಾಗಿ ಬಂದಿವೆಯೇ ಎಂದು ತಾಳೆ ನೋಡಿಕೊಡುವುದು ನನ್ನ ಕೆಲಸ. ಕೇಳುವವರಿಗೆ ಇದು ನೀರಸವೆನಿಸಬಹುದು. ಆದರೆ ಒಂದು ಸಂಸಾರದ ತೋಟದ ಗಡಿ ಇದರಲ್ಲಿ ಅಡಗಿರುತ್ತದೆ ಎಂಬುದನ್ನು ಕಂಡ ಮೇಲೆ ನನಗೆ ಎಂದೂ ನೀರಸವೆನಿಸಿಲ್ಲ.

ವಿಷಯವನ್ನು ನಮ್ಮ ತಾಯಂದಿರಿಗೂ ತಿಳಿಯುವ ಹಾಗೆ ಹೇಳುವುದಾದರೆ, ಡೇಟಾಬೇಸ್ ಎಂಬುದು ಅಚ್ಚುಕಟ್ಟಾದ ಒಂದು ಉಗ್ರಾಣ. ಅಕ್ಕಿಯ ಡಬ್ಬಿಯಲ್ಲಿ ಅಕ್ಕಿ, ಬೇಳೆಯ ಡಬ್ಬಿಯಲ್ಲಿ ಬೇಳೆ. ಅಂತೆಯೇ ಇಲ್ಲಿ ಪೂರ್ಣಾಂಕಕ್ಕೆ ಒಂದು ಡಬ್ಬಿ, ದಶಮಾಂಶಕ್ಕೆ ಒಂದು, ದಿನಾಂಕಕ್ಕೆ ಒಂದು, ಹೆಸರು-ವಿಳಾಸಗಳಂತಹ ಪಠ್ಯಕ್ಕೆ ಮತ್ತೊಂದು. ಇದನ್ನೇ ದತ್ತಾಂಶದ ಬಗೆ ಎನ್ನುತ್ತಾರೆ. ಇಂತಹ ಕೋಷ್ಟಕರೂಪದ ಉಗ್ರಾಣಕ್ಕೆ ಶಾಸ್ತ್ರೀಯ ತಳಹದಿ ಹಾಕಿದವರು ಎಡ್ಗರ್ ಕಾಡ್ ಎಂಬ ವಿಜ್ಞಾನಿ. ಅವರ ಪ್ರಸಿದ್ಧ ಪ್ರಬಂಧ ಪ್ರಕಟವಾದದ್ದು 1970ರಲ್ಲಿ. ಉಗ್ರಾಣದಿಂದ ಸಾಮಾನು ತಂದು ಅಡುಗೆಗೆ ಒದಗಿಸುವ ಚುರುಕಾದ ಕೈಯಾಳು ಸ್ಕ್ರಿಪ್ಟಿಂಗ್ ಭಾಷೆ. 1991ರಲ್ಲಿ ಹೊರಬಂದ ಪೈಥಾನ್, 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಅವರು ಬಿಡುಗಡೆ ಮಾಡಿದ ಪಿಎಚ್‌ಪಿ, ಇವು ಇಂತಹ ಭಾಷೆಗಳು. ಉಗ್ರಾಣದವನು ಡಬ್ಬಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟಿನ ಮನುಷ್ಯ. ಕೈಯಾಳಾದರೋ ಹೊಂದಿಕೊಂಡು ಹೋಗುವ ಸ್ವಭಾವದವನು. ‘ಇದು ಸಂಖ್ಯೆಯಂತೆ ಕಾಣುತ್ತದೆ, ಆದ್ದರಿಂದ ಸಂಖ್ಯೆಯೇ ಇರಬೇಕು’ ಎಂದು ತಾನೇ ತೀರ್ಮಾನಿಸಿಬಿಡುತ್ತಾನೆ. ಈ ಉಪಕಾರಬುದ್ಧಿಯಿಂದಲೇ ಅನೇಕ ಅನರ್ಥಗಳು ಹುಟ್ಟುತ್ತವೆ.

ಇದಕ್ಕೆ ಭೂಮಿಯ ಅಳತೆಗಿಂತ ಉತ್ತಮ ಉದಾಹರಣೆ ಬೇರೊಂದಿಲ್ಲ. ನಮ್ಮ ಹಾವೇರಿ, ಧಾರವಾಡದ ಕಡೆ ಹೊಲವನ್ನು ಎಕರೆ-ಗುಂಟೆಗಳಲ್ಲಿ ಅಳೆಯುತ್ತಾರೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ದಕ್ಷಿಣ ಕನ್ನಡ ಜಿಲ್ಲೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರುವವರೆಗೆ ಮದರಾಸಿನ ಆಡಳಿತದಲ್ಲಿ ಇದ್ದುದರಿಂದ, ಇಲ್ಲಿ ಎಕರೆ-ಸೆಂಟ್ಸ್ ಲೆಕ್ಕ ಉಳಿದುಬಂದಿದೆ. 100 ಸೆಂಟ್ಸ್ ಸೇರಿದರೆ ಒಂದು ಎಕರೆ. ಒಂದು ಗುಂಟೆಯೆಂದರೆ ಎರಡೂವರೆ ಸೆಂಟ್ಸ್. ಕಾಗದದ ಮೇಲೆ ಮಾತ್ರ ಎರಡು ಸೀಮೆಯವರೂ ಒಂದೇ ರೀತಿ ಚುಕ್ಕೆಯಿಟ್ಟು ಬರೆಯುವುದುಂಟು. ‘2.20’ ಎಂದು ಬರೆದರೆ ಹಾವೇರಿಯ ರೈತನಿಗೆ ಅದು ಎರಡೂವರೆ ಎಕರೆ. ಪುತ್ತೂರಿನ ರೈತನಿಗೆ ಎರಡು ಎಕರೆಯ ಮೇಲೆ ಐದನೆಯ ಒಂದು ಭಾಗ. ಅಣ್ಣತಮ್ಮಂದಿರಿಬ್ಬರ ‘1.30’ರ ಎರಡು ಪಾಲುಗಳನ್ನು ಕೂಡಿಸಿದರೆ ಪುತ್ತೂರಿನಲ್ಲಿ 2.60 ಆಗುತ್ತದೆ, ಹಾವೇರಿಯಲ್ಲಿ 3.20 ಆಗಬೇಕು. ಗಣಕಯಂತ್ರಕ್ಕೆ ಚುಕ್ಕೆಯೊಂದೇ ಕಾಣುತ್ತದೆ. ಅದರ ಹಿಂದಿರುವ ನಾಡಿನ ಇತಿಹಾಸ ಕಾಣುವುದಿಲ್ಲ.

ಈ ಸಹಸ್ರಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯಡಿ ಕೈಬರಹದ ಪಹಣಿಗಳನ್ನು ಗಣಕೀಕರಣಗೊಳಿಸಿತು. ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಅದರೊಳಗೆ ಬಂದವು. ಅಂದಿನಿಂದ ಪಹಣಿಯ ಅಂಕಿಗಳು ಸಾಲ, ವಿಮೆ, ಪರಿಹಾರ ಎಂದು ನಾನಾ ಕಡೆಗೆ ನಕಲಾಗುತ್ತ ಸಾಗುತ್ತವೆ. ಮೂಲ ಶುದ್ಧವಾಗಿದ್ದರೂ, ನಕಲಿನ ಪ್ರತಿಯೊಂದು ಹೆಜ್ಜೆಯಲ್ಲಿ ಬಗೆಯ ಪರಿವರ್ತನೆ ನಡೆಯುತ್ತದೆ. ಪ್ರತಿಯೊಂದು ಪರಿವರ್ತನೆಯಲ್ಲೂ ಎಡವಲು ಅವಕಾಶವಿರುತ್ತದೆ.

ಕಡಬದ ಕಡೆಯ ಒಂದು ಸಣ್ಣ ಸಂಘದಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳಬೇಕು. ದೂರದ ಊರಿನಲ್ಲಿ ಯಾರೋ ಸಿದ್ಧಪಡಿಸಿಕೊಟ್ಟ ತಂತ್ರಾಂಶವೊಂದನ್ನು ಅಲ್ಲಿ ಅಳವಡಿಸಿದ್ದರು. ತೋಟದ ಸಾಲಕ್ಕೆ ಅರ್ಜಿ ಹಾಕಿದ ಸದಸ್ಯರ ಪಟ್ಟಿ ಮುದ್ರಣಗೊಂಡು ಹೊರಬಂದಿತ್ತು. ತಾಳೆ ನೋಡಲು ನನ್ನನ್ನು ಕರೆಸಿದ ದಿನವೇ, ವಯಸ್ಸಾದ ತಾಯಿಯೊಬ್ಬರು ಪಟ್ಟಿಯ ಹಾಳೆಯನ್ನು ಕೈಯಲ್ಲಿ ಹಿಡಿದು ಬಂದರು.

“ಎಂಥದು ಮಾರಾಯ್ರೆ ಇದು? ನಮ್ಮ ಯಜಮಾನರು ಇರುವಾಗ ಒಂದು ಎಕರೆ ಮೂವತ್ತು ಸೆಂಟ್ಸ್ ಇದ್ದ ಜಾಗ, ಅವರು ಹೋದ ಮೇಲೆ ಒಂದು ಎಕರೆ ಮೂರು ಸೆಂಟ್ಸ್ ಆದದ್ದು ಹೇಗೆ? ಗುಡ್ಡೆ ಜರಿದು ಹೋಗ್ಲಿಲ್ಲ, ಹೊಳೆ ಕೊರೆದು ಹೋಗ್ಲಿಲ್ಲ” ಎಂದರು.

ಅವರ ಧ್ವನಿಯಲ್ಲಿ ಕೋಪಕ್ಕಿಂತ ಭಯ ಹೆಚ್ಚಾಗಿತ್ತು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳಿಗೆ ಜಮೀನಿನ ಅಂಕಿಯೊಂದು ಕಡಿಮೆಯಾಗಿ ಕಂಡರೆ, ಆಕೆಯ ಮನಸ್ಸು ಮೊದಲು ಯಂತ್ರವನ್ನು ಶಂಕಿಸುವುದಿಲ್ಲ, ಮನುಷ್ಯರನ್ನು ಶಂಕಿಸುತ್ತದೆ. ಪಕ್ಕದ ಜಾಗದವರೇ, ಮೈದುನರೇ, ಸಂಘದವರೇ ಎಂದು ಅನುಮಾನ ಸುತ್ತುತ್ತದೆ. 27 ಸೆಂಟ್ಸ್ ಎಂದರೆ ಸಣ್ಣ ಜಾಗವಲ್ಲ. ಸೆಂಟ್ಸಿಗೆ 435.6 ಚದರ ಅಡಿಯಂತೆ ಲೆಕ್ಕ ಹಾಕಿದರೆ ಅದು 11,761 ಚದರ ಅಡಿ ಆಗುತ್ತದೆ.

ಡೇಟಾಬೇಸನ್ನು ತೆರೆದು ನೋಡಿದಾಗ ಉಗ್ರಾಣದವನ ತಪ್ಪು ಏನೂ ಇರಲಿಲ್ಲ. ಅಲ್ಲಿ 1.30 ಎಂದು ಸ್ಪಷ್ಟವಾಗಿ, ಎರಡು ದಶಮಾಂಶ ಸ್ಥಾನಗಳ ಸಹಿತ ಇತ್ತು. ಅದನ್ನು ಓದಿದ ಸ್ಕ್ರಿಪ್ಟು ಅದನ್ನು ಸಾಮಾನ್ಯ ದಶಮಾಂಶ ಸಂಖ್ಯೆಯಾಗಿ ಪರಿವರ್ತಿಸಿತು. ಗಣಿತದ ದೃಷ್ಟಿಯಿಂದ 1.30 ಮತ್ತು 1.3 ಒಂದೇ ಆದ್ದರಿಂದ ಕೊನೆಯ ಸೊನ್ನೆ ಅನಗತ್ಯವೆಂದು ಉದುರಿಹೋಯಿತು. ಮುಂದೆ ಅದನ್ನು ಮುದ್ರಿಸುವ ಭಾಗ ಚುಕ್ಕೆಯ ಬಳಿ ಸೀಳಿ, ಎಡಕ್ಕಿದ್ದ 1ನ್ನು ಎಕರೆ ಎಂದೂ ಬಲಕ್ಕಿದ್ದ 3ನ್ನು ಸೆಂಟ್ಸ್ ಎಂದೂ ಬರೆಯಿತು. ಮೂರು ಹೆಜ್ಜೆಗಳನ್ನು ಬೇರೆಬೇರೆಯಾಗಿ ನೋಡಿದರೆ ಒಂದೊಂದೂ ತನ್ನ ಮಟ್ಟಿಗೆ ಸಮಂಜಸವಾಗಿಯೇ ತೋರುತ್ತದೆ. ಒಟ್ಟು ಫಲ ಮಾತ್ರ ಅನ್ಯಾಯ.

“ಅಮ್ಮಾ, ನಿಮ್ಮ ಜಾಗ ಎಲ್ಲಿಗೂ ಹೋಗಿಲ್ಲ. ಬರೆದದ್ದು ಸರಿಯಿದೆ, ಓದಿದ್ದು ಮಾತ್ರ ತಪ್ಪಾಗಿದೆ. ಯಾರೂ ತಿದ್ದಿಲ್ಲ” ಎಂದು ತೋರಿಸಿದೆ. ಅವರು ಪರದೆಯ ಮೇಲಿನ ಅಂಕಿಯನ್ನು ದೀರ್ಘವಾಗಿ ನೋಡಿ ಸಮಾಧಾನದ ಉಸಿರು ಬಿಟ್ಟರು. ಆಮೇಲೆ ಅವರು ಕೇಳಿದ ಪ್ರಶ್ನೆ ಮಾತ್ರ ನನ್ನನ್ನು ಈವರೆಗೂ ಬಿಟ್ಟಿಲ್ಲ. “ನನ್ನದು ಸರಿಯಾಯಿತು. ಬಾಕಿಯವರದ್ದು ನೋಡಿದ್ರಾ?”

ಒಬ್ಬರ ದೂರಿಗೆ ಉತ್ತರ ಕೊಟ್ಟು ಕೈತೊಳೆದುಕೊಳ್ಳುವುದು ಪರೀಕ್ಷೆಯಲ್ಲ. ದೂರು ಹೇಳಲು ಬಾರದವರ ಪಾಲನ್ನೂ ಹುಡುಕಿ ನೋಡುವುದೇ ಪರೀಕ್ಷೆ ಎಂಬುದನ್ನು ಆ ತಾಯಿಯ ಪ್ರಶ್ನೆ ಹೇಳಿತು. ತಂತ್ರಾಂಶ ಮಾಡಿದವರು ಪರೀಕ್ಷೆಯನ್ನೇ ಮಾಡಿರಲಿಲ್ಲವೆಂದಲ್ಲ. ಅವರು 1.25, 2.75 ಎಂಬಂತಹ ಅಂಕಿಗಳನ್ನು ಕೊಟ್ಟು ನೋಡಿದ್ದರು. ಅವು ಸರಿಯಾಗಿಯೇ ಬಂದಿದ್ದವು. ಸೆಂಟ್ಸಿನ ಸೊನ್ನೆಯಿಂದ 99ರವರೆಗಿನ 100 ಸಾಧ್ಯತೆಗಳಲ್ಲಿ ಈ ದೋಷ ಕಾಣಿಸಿಕೊಳ್ಳುವುದು 10, 20, 30 ಹೀಗೆ 90ರವರೆಗಿನ ಒಂಬತ್ತರಲ್ಲಿ ಮಾತ್ರ. ಉಳಿದ 91ರಲ್ಲಿ ಎಲ್ಲವೂ ಕ್ಷೇಮ. ಇದೇ ತಂತ್ರಾಂಶ ಗುಂಟೆಯ ಸೀಮೆಗೆ ಹೋಗಿದ್ದರೆ ದೋಷಕ್ಕೆ ಸಿಕ್ಕುವ ಅಂಕಿಗಳು 10, 20, 30 ಮೂರೇ. ಆದರೆ ಹಾವೇರಿಯ ಕಡೆಯವರಿಗೆ ಗೊತ್ತಿರುವಂತೆ, ಆ ಮೂರೇ ಕಾಲು ಎಕರೆ, ಅರ್ಧ ಎಕರೆ, ಮುಕ್ಕಾಲು ಎಕರೆ! ಪಾಲು ಹಂಚುವಾಗ ಪದೇ ಪದೇ ಬರುವ ಅಳತೆಗಳು ಇವೇ. ಎಷ್ಟು ಅಂಕಿಗಳನ್ನು ಪರೀಕ್ಷಿಸಿದೆವು ಎಂಬುದಕ್ಕಿಂತ ಯಾವ ಅಂಕಿಗಳನ್ನು ಆರಿಸಿಕೊಂಡೆವು ಎಂಬುದು ಮುಖ್ಯ. ಆ ಆಯ್ಕೆಗೆ ಗಣಿತದ ತಿಳಿವಳಿಕೆಯಷ್ಟೇ ಬದುಕಿನ ತಿಳಿವಳಿಕೆಯೂ ಬೇಕು.

ಆ ಸಂಘದಲ್ಲಿ ಸೊನ್ನೆಯಿಂದ ಕೊನೆಗೊಳ್ಳುವ ಎಲ್ಲ ವಿಸ್ತೀರ್ಣಗಳನ್ನೂ ಒಂದೊಂದಾಗಿ ತೆಗೆದು ಪಹಣಿಯೊಡನೆ ತಾಳೆ ನೋಡಿದೆವು. ವಿಸ್ತೀರ್ಣವನ್ನು ಚುಕ್ಕೆಯಿಟ್ಟು ಇಡುವ ಬದಲು, 1 ಎಕರೆ 30 ಸೆಂಟ್ಸನ್ನು 130 ಸೆಂಟ್ಸ್ ಎಂಬ ಪೂರ್ಣಾಂಕವಾಗಿ ಇಡುವ ಏರ್ಪಾಡಾಯಿತು. ಪೂರ್ಣಾಂಕದ ಕೊನೆಯ ಸೊನ್ನೆಯನ್ನು ಯಾವ ಭಾಷೆಯೂ ಉದುರಿಸುವುದಿಲ್ಲ. ಹಣವನ್ನೂ ರೂಪಾಯಿಯ ದಶಮಾಂಶದಲ್ಲಿ ಇಡದೆ ಪೈಸೆಗಳ ಪೂರ್ಣಾಂಕದಲ್ಲಿ ಇಡುವುದು ಲೇಸು. ಏಕೆಂದರೆ ಗಣಕಯಂತ್ರವು ದ್ವಿಮಾನ ಪದ್ಧತಿಯಲ್ಲಿ ಎಣಿಸುವುದರಿಂದ ಹತ್ತರಲ್ಲೊಂದು ಭಾಗ ಅದಕ್ಕೆ ನಿಖರವಾಗಿ ದಕ್ಕುವುದಿಲ್ಲ. ಪೈಥಾನಿನಲ್ಲಿ 0.1ಕ್ಕೆ 0.2ನ್ನು ಕೂಡಿಸಿದರೆ 0.30000000000000004 ಎಂಬ ಉತ್ತರ ಬರುತ್ತದೆ.

ಇದೇ ಬಳಗಕ್ಕೆ ಸೇರಿದ ಇತರ ದೋಷಗಳೂ ನಮ್ಮ ಕುಟುಂಬಗಳ ಬದುಕನ್ನು ಮುಟ್ಟುವಂಥವೇ. ಸರ್ವೆ ನಂಬರ್ 12ರ ಹತ್ತನೆಯ ಹಿಸ್ಸೆಯನ್ನು ‘12/10’ ಎಂದು ಬರೆದು ಎಕ್ಸೆಲ್ ಹಾಳೆಗೆ ಹಾಕಿದರೆ ಅದು ದಿನಾಂಕವಾಗಿ ಮಾರ್ಪಡುತ್ತದೆ. ಇದನ್ನು ಕೇಳಿ ನಗುವವರು ಒಂದು ಸಂಗತಿ ತಿಳಿಯಬೇಕು: ಮಾನವನ ಕೆಲವು ವಂಶವಾಹಿಗಳ ಸಂಕೇತನಾಮಗಳನ್ನು ಎಕ್ಸೆಲ್ ಮಾರ್ಚ್, ಸೆಪ್ಟೆಂಬರ್ ತಿಂಗಳ ದಿನಾಂಕಗಳೆಂದು ಭಾವಿಸುತ್ತಿದ್ದುದರಿಂದ, ಅಂತರರಾಷ್ಟ್ರೀಯ ನಾಮಕರಣ ಸಮಿತಿ ಆ ಹೆಸರುಗಳನ್ನೇ ಬದಲಿಸಿ 2020ರಲ್ಲಿ ಹೊಸ ನಿಯಮ ಪ್ರಕಟಿಸಬೇಕಾಯಿತು. ಹಿಸ್ಸೆಯ ಗುರುತಿನಲ್ಲಿ ಅಂಕಿಗಳ ನಡುವೆ ಇಂಗ್ಲಿಷಿನ ‘ಇ’ ಅಕ್ಷರ ಬಂದರೆ ಇನ್ನೊಂದು ತೊಡಕು. ‘1ಇ1’ ಎಂಬ ಹಿಸ್ಸೆಯನ್ನು ಪಿಎಚ್‌ಪಿ ಭಾಷೆಯ ಸಡಿಲ ಹೋಲಿಕೆಯು ಹತ್ತು ಎಂಬ ಸಂಖ್ಯೆಯಾಗಿ ಓದುತ್ತದೆ. ಹತ್ತನೆಯ ಹಿಸ್ಸೆಯೂ ಅದೂ ಒಂದೇ ಎಂದು ತೀರ್ಪು ಕೊಡುತ್ತದೆ. ಪುತ್ತೂರಿನ ದೂರವಾಣಿ ಸಂಕೇತ 08251, ಸುಳ್ಯದ್ದು 08257. ಇವನ್ನು ಸಂಖ್ಯೆಯಾಗಿ ಪರಿವರ್ತಿಸಿದರೆ ಮುಂದಿನ ಸೊನ್ನೆ ಮಾಯವಾಗುತ್ತದೆ. ಕೂಡಿ ಕಳೆಯಲಾಗದ ಅಂಕಿ ಸಂಖ್ಯೆಯಲ್ಲ, ಅದೊಂದು ಹೆಸರು. ಹೆಸರನ್ನು ಪಠ್ಯದ ಡಬ್ಬಿಯಲ್ಲಿಯೇ ಇಡಬೇಕು.

‘ಹೌದು’, ‘ಅಲ್ಲ’ ಎಂಬ ಸರಳ ಉತ್ತರವೂ ಕೆಡಬಲ್ಲದು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸು ‘ಅಲ್ಲ’ ಎಂಬುದನ್ನು ಪಿಎಚ್‌ಪಿಯ ಹಳೆಯ ಮಾದರಿಯ ಕರೆಗಳಿಗೆ ‘ಎಫ್’ ಎಂಬ ಒಂದೇ ಅಕ್ಷರದ ಪಠ್ಯವಾಗಿ ಕೊಡುತ್ತದೆ. ಪಿಎಚ್‌ಪಿಯಾದರೋ ಖಾಲಿಯಲ್ಲದ, ಸೊನ್ನೆಯೂ ಅಲ್ಲದ ಪಠ್ಯವನ್ನು ‘ಹೌದು’ ಎಂದು ಪರಿಗಣಿಸುತ್ತದೆ. ಪರಿಣಾಮವಾಗಿ ‘ಸಾಲ ತೀರಿದೆಯೇ’ ಎಂಬ ಪ್ರಶ್ನೆಗೆ ಉಗ್ರಾಣದವನು ‘ಅಲ್ಲ’ ಎಂದರೆ, ಕೈಯಾಳು ಅದನ್ನೇ ‘ಹೌದು’ ಎಂದು ಕೇಳಿಸಿಕೊಳ್ಳಬಹುದು. ಇನ್ನು ದಿನಾಂಕ. ಏಪ್ರಿಲ್ 1ರ ನಡುರಾತ್ರಿ 12 ಗಂಟೆ ಎಂದು ಭಾರತೀಯ ಕಾಲಮಾನದಲ್ಲಿ ಇರುವುದನ್ನು ವಿಶ್ವ ಕಾಲಮಾನಕ್ಕೆ ಬದಲಿಸಿದರೆ ಐದೂವರೆ ಗಂಟೆ ಹಿಂದಕ್ಕೆ ಸರಿದು ಮಾರ್ಚ್ 31ರ ಸಂಜೆ ಆರೂವರೆಯಾಗುತ್ತದೆ. ಸಮಯವನ್ನು ಕತ್ತರಿಸಿ ದಿನಾಂಕವನ್ನಷ್ಟೇ ಉಳಿಸಿಕೊಂಡರೆ, ಹೊಸ ಆರ್ಥಿಕ ವರ್ಷದ ಠೇವಣಿ ಹಳೆಯ ವರ್ಷಕ್ಕೆ ಸೇರಿಹೋಯಿತು! ಹಾಗೆಯೇ ಖಾಲಿ ಬಿಟ್ಟ ಜಾಗಕ್ಕೂ ಸೊನ್ನೆಗೂ ಅಗಾಧ ಅಂತರವಿದೆ. ‘ಬಾಕಿ ಎಷ್ಟೆಂದು ಬರೆದಿಲ್ಲ’ ಎಂಬುದು ಬೇರೆ, ‘ಬಾಕಿ ಇಲ್ಲ’ ಎಂಬುದು ಬೇರೆ.

ಕನ್ನಡದ ಹೆಸರುಗಳ ವಿಷಯದಲ್ಲಿ ನಾನು ನಮ್ಮ ಮೂರು ಊರುಗಳನ್ನೇ ಪರೀಕ್ಷೆಯ ಮಾದರಿಯಾಗಿ ಬಳಸುತ್ತೇನೆ. ‘ಕಡಬ’ ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿಯೂ ಮೂರು. ‘ಸುಳ್ಯ’ ನಮಗೆ ಎರಡಕ್ಷರ, ಯೂನಿಕೋಡಿಗೆ ಐದು. ‘ಪುತ್ತೂರು’ ನಮಗೆ ಮೂರಕ್ಷರ, ಯೂನಿಕೋಡಿಗೆ ಎಂಟು. ಗುಣಿತದ ಚಿಹ್ನೆಯನ್ನೂ ಒತ್ತಕ್ಷರದ ಕೊಂಡಿಯನ್ನೂ ಅದು ಪ್ರತ್ಯೇಕವಾಗಿ ಎಣಿಸುತ್ತದೆ. ಯುಟಿಎಫ್-8 ಪದ್ಧತಿಯಲ್ಲಿ ಇವು ಪ್ರತಿಯೊಂದಕ್ಕೂ ಮೂರು ಬೈಟುಗಳು ಬೇಕಾದ್ದರಿಂದ ಪುತ್ತೂರು 24 ಬೈಟು, ಸುಳ್ಯ 15, ಕಡಬ 9. ಇಂಗ್ಲಿಷ್ ಹೆಸರುಗಳನ್ನಷ್ಟೇ ಮನಸ್ಸಿನಲ್ಲಿಟ್ಟು ಡಬ್ಬಿಯ ಅಳತೆ ನಿಗದಿಪಡಿಸಿದರೆ ನಮ್ಮ ಉದ್ದನೆಯ ಹೆಸರುಗಳು ನಡುವೆ ಕತ್ತರಿಸಿಹೋಗುತ್ತವೆ. ಕನ್ನಡ ಅಂಕಿಗಳದ್ದೂ ಒಂದು ವಿಚಿತ್ರ. ‘೧೨’ ಎಂದು ಬರೆದರೆ ಪೈಥಾನ್ ಅದನ್ನು ಹನ್ನೆರಡು ಎಂದೇ ಗುರುತಿಸುತ್ತದೆ. ಪಿಎಚ್‌ಪಿ ಅದನ್ನೇ ಸಂಖ್ಯೆಯಾಗಿಸಿದರೆ ಸೊನ್ನೆ ಎನ್ನುತ್ತದೆ.

ಇದು ನಮ್ಮ ಹಳ್ಳಿಗಳ ಲೆಕ್ಕದಲ್ಲಿ ಮಾತ್ರ ಬರುವ ತೊಂದರೆಯೆಂದು ಭಾವಿಸಬಾರದು. 1996ರ ಜೂನ್ 4ರಂದು ಯೂರೋಪಿನ ಏರಿಯಾನ್-5 ರಾಕೆಟ್ಟು ತನ್ನ ಮೊದಲ ಹಾರಾಟದಲ್ಲಿಯೇ, ಒಂದು ನಿಮಿಷ ತುಂಬುವ ಮೊದಲೇ ನಾಶವಾಯಿತು. 64 ಬಿಟ್‌ಗಳ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ಗಳ ಪೂರ್ಣಾಂಕದ ಡಬ್ಬಿಗೆ ತುಂಬಲು ಹೋದದ್ದೇ ಅದಕ್ಕೆ ಕಾರಣ. ಆ ಡಬ್ಬಿಯಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ಹಿಂದಿನ ಏರಿಯಾನ್-4ರ ವೇಗಕ್ಕೆ ಆ ಡಬ್ಬಿ ಸಾಕಾಗಿತ್ತು, ಹೊಸದಕ್ಕೆ ಸಾಲಲಿಲ್ಲ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯದ ಧಹರಾನಿನಲ್ಲಿ 28 ಅಮೆರಿಕನ್ ಸೈನಿಕರು ಮಡಿದದ್ದಕ್ಕೂ ಹತ್ತರಲ್ಲೊಂದು ಸೆಕೆಂಡು ದ್ವಿಮಾನದಲ್ಲಿ ನಿಖರವಾಗಿ ದಕ್ಕದಿದ್ದುದೇ ಮೂಲ. ಸುಮಾರು 100 ಗಂಟೆ ನಿರಂತರವಾಗಿ ನಡೆದಿದ್ದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯ ಗಡಿಯಾರ ಮೂರನೆಯ ಒಂದು ಸೆಕೆಂಡಿನಷ್ಟು ತಪ್ಪಿ, ಎದುರಾಳಿಯ ಕ್ಷಿಪಣಿಯನ್ನು ಗುರುತಿಸಲಾರದೆ ಹೋಯಿತು. ಕಣದಷ್ಟು ವ್ಯತ್ಯಾಸ ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ ಇವು ಸಾಕ್ಷಿ.

ಹಾಗಾದರೆ ಪರಿಹಾರವೇನು? ಅದು ಕಠಿಣವಾದುದಲ್ಲ, ತಾಳ್ಮೆಯದು. ಒಂದು ಮೌಲ್ಯವನ್ನು ಉಗ್ರಾಣಕ್ಕೆ ಹಾಕಬೇಕು, ಕೈಯಾಳಿನಿಂದ ಅದನ್ನು ತರಿಸಬೇಕು, ಕೊಟ್ಟದ್ದೂ ಬಂದದ್ದೂ ಒಂದೇ ಎಂದು ಮೌಲ್ಯದಲ್ಲಿಯೂ ಬಗೆಯಲ್ಲಿಯೂ ತಾಳೆ ನೋಡಬೇಕು. ಹೋಗಿ ಬರುವ ಈ ಪರೀಕ್ಷೆಗೆ ಸುಲಭದ ಅಂಕಿಗಳನ್ನು ಆರಿಸದೆ ತಂಟೆಯ ಅಂಕಿಗಳನ್ನೇ ಆರಿಸಬೇಕು: ಸೊನ್ನೆ, ಖಾಲಿ, ಋಣಸಂಖ್ಯೆ, ಡಬ್ಬಿ ಹಿಡಿಯಬಲ್ಲ ಅತಿದೊಡ್ಡ ಸಂಖ್ಯೆ, ಮುಂದೆ ಸೊನ್ನೆ ಇರುವುದು, ಹಿಂದೆ ಸೊನ್ನೆ ಇರುವುದು, ಫೆಬ್ರವರಿ 29, ಮಾರ್ಚ್ 31, ಒತ್ತಕ್ಷರಗಳ ಉದ್ದನೆಯ ಹೆಸರು, ಕನ್ನಡದ ಅಂಕಿ. ತಂತ್ರಾಂಶದ ಆವೃತ್ತಿ ಬದಲಾದಾಗಲೆಲ್ಲ ಇದೇ ಪಟ್ಟಿಯನ್ನು ಮತ್ತೆ ಓಡಿಸಬೇಕು. ಉದಾಹರಣೆಗೆ, ಪಿಎಚ್‌ಪಿಯ ಪಿಡಿಓ ಎಂಬ ಕೊಂಡಿ ಮೈಎಸ್‌ಕ್ಯೂಎಲ್‌ನ ಪೂರ್ಣಾಂಕಗಳನ್ನು ತನ್ನ ಸಾಮಾನ್ಯ ಕ್ರಮದಲ್ಲಿ ಬಹುಕಾಲ ಪಠ್ಯವಾಗಿಯೇ ಕೊಡುತ್ತಿತ್ತು; 2021ರಲ್ಲಿ ಬಂದ 8.1ನೆಯ ಆವೃತ್ತಿಯಿಂದ ಸಂಖ್ಯೆಯಾಗಿಯೇ ಕೊಡತೊಡಗಿತು. ಸುಧಾರಣೆ ನಿಜ. ಆದರೆ ಹಳೆಯ ರೂಢಿಯನ್ನು ನಂಬಿ ಬರೆದ ಕೆಲಸಕ್ಕೆ ಅದೂ ಒಂದು ಬದಲಾವಣೆಯೇ ಸರಿ.

ಆಡಳಿತದ ಬದಲಾವಣೆಗಳೂ ಈ ಪಟ್ಟಿಗೆ ಸೇರಬೇಕು. ಕಡಬ ತಾಲೂಕನ್ನು ಸರ್ಕಾರ ಘೋಷಿಸಿದ್ದು 2013ರಲ್ಲಿ. ಅದು ರೂಪುಗೊಂಡಾಗ ಪುತ್ತೂರು, ಸುಳ್ಯ ತಾಲೂಕುಗಳ ಗ್ರಾಮಗಳು ಅದಕ್ಕೆ ಸೇರಿದವು. ಪ್ರಸಿದ್ಧ ಕ್ಷೇತ್ರವಾದ ಸುಬ್ರಹ್ಮಣ್ಯವೂ ಸುಳ್ಯದಿಂದ ಕಡಬಕ್ಕೆ ಬಂತು. ಊರು ಇದ್ದಲ್ಲಿಯೇ ಇದೆ, ಅದರ ತಾಲೂಕಿನ ಸಂಕೇತ ಮಾತ್ರ ಬದಲಾಯಿತು. ಹಳೆಯ ಸಂಕೇತವನ್ನೇ ನೆಚ್ಚಿಕೊಂಡ ಲೆಕ್ಕದಲ್ಲಿ ಅಂತಹ ಗ್ರಾಮದ ರೈತನ ಹೆಸರು ಎರಡೂ ಪಟ್ಟಿಗಳಲ್ಲಿ ಇಲ್ಲದೆ ಹೋಗಬಹುದು.

ನಮ್ಮ ಮನೆಮನೆಗಳಲ್ಲಿ ಗಣಕಯಂತ್ರದ ಶಿಕ್ಷಣ ಪಡೆಯುತ್ತಿರುವ ಮಕ್ಕಳಿದ್ದಾರೆ. ಹೊಸದನ್ನು ಕಟ್ಟುವುದರಲ್ಲಿ ಅವರಿಗಿರುವ ಉತ್ಸಾಹ ಶ್ಲಾಘ್ಯ. ಆದರೆ ಕಟ್ಟಿದ್ದನ್ನು ತಾಳೆ ನೋಡುವುದು ಕೀಳು ಕೆಲಸವೆಂಬ ಭಾವನೆ ಅವರಲ್ಲಿ ಬೆಳೆಯದಂತೆ ಹಿರಿಯರು ನೋಡಿಕೊಳ್ಳಬೇಕು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಂಬಿ ಬಂದ ಸಮಾಜಕ್ಕೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಿರಿಯರೂ ಅಷ್ಟೆ: ಅಚ್ಚಾಗಿ ಬಂದ ಮಾತ್ರಕ್ಕೆ ಕಾಗದವನ್ನು ಕಣ್ಣುಮುಚ್ಚಿ ನಂಬಬಾರದು. ವರ್ಷಕ್ಕೊಮ್ಮೆ ಪಹಣಿ ತೆಗೆಸಿ, ವಿಸ್ತೀರ್ಣ, ಹಿಸ್ಸೆ, ಹೆಸರಿನ ಕಾಗುಣಿತ, ದಿನಾಂಕ ಇವನ್ನು ಮನೆಯ ಹಳೆಯ ಪತ್ರಗಳೊಡನೆ ಕುಳಿತು ಹೋಲಿಸಬೇಕು. ವ್ಯತ್ಯಾಸ ಕಂಡರೆ ನೆರೆಯವರ ಮೇಲೆ, ದಾಯಾದಿಗಳ ಮೇಲೆ ಸಂಶಯಪಡುವ ಮುನ್ನ ಸಂಬಂಧಪಟ್ಟವರನ್ನು ಶಾಂತವಾಗಿ ವಿಚಾರಿಸಬೇಕು. ಎಷ್ಟೋ ಬಾರಿ ಅಲ್ಲಿ ಯಾರ ದುರುದ್ದೇಶವೂ ಇರುವುದಿಲ್ಲ. ದಾರಿಯಲ್ಲಿ ಉದುರಿದ ಒಂದು ಸೊನ್ನೆ ಇರುತ್ತದೆ. ನಮ್ಮ ಸೊನ್ನೆ ಸಿಕ್ಕಿದ ಮೇಲೆ ಅಕ್ಕಪಕ್ಕದ ಮನೆಯವರಿಗೂ ಅವರ ಕಾಗದವನ್ನು ತೆಗೆದು ನೋಡಲು ಹೇಳಬೇಕು. ಓದಲು ಬಾರದ ಹಿರಿಯರಿದ್ದರೆ ಅವರ ಕಾಗದವನ್ನು ನಾವೇ ಓದಿ ಹೇಳಬೇಕು.